ದಾವಣಗೆರೆಯ ಡೇಟಾಬೇಸಿಗೆ ಚಿತ್ರದುರ್ಗದಲ್ಲಿ ಸ್ಟ್ಯಾಂಡ್‌ಬೈ: ನಾವು ಮಾಡಿದ ಬಗೆ

ದಾವಣಗೆರೆಯಲ್ಲಿ ಗೊಬ್ಬರದ ಸಗಟು ಮಳಿಗೆ, ಸುಮಾರು 60 ಕಿ.ಮೀ. ದೂರದ ಚಿತ್ರದುರ್ಗದಲ್ಲಿ ಅದರದೇ ಗೋದಾಮು. ಬಿಲ್ಲಿಂಗ್ ಪೂರ್ತಿ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2019 ಸ್ಟ್ಯಾಂಡರ್ಡ್ ಮೇಲೆ, ಡೇಟಾಬೇಸ್ 18 ಜಿಬಿ. ಯಂತ್ರದ ಮಾತು ಎತ್ತುವ ಮೊದಲು ಮಾಲೀಕರಿಂದ ಎರಡು ಅಂಕಿ ಬರೆಸಿಕೊಂಡೆವು: ದಾವಣಗೆರೆಯ ಸರ್ವರ್ ಸುಟ್ಟುಹೋದರೂ 2 ಗಂಟೆಯೊಳಗೆ ದುರ್ಗದಿಂದ ಬಿಲ್ ಹೊರಡಬೇಕು, ಹೋದರೆ ಅರ್ಧ ಗಂಟೆಯ ನಮೂದಷ್ಟೇ ಹೋಗಬೇಕು. ಅರ್ಧ ಗಂಟೆ ನಡೆಯುತ್ತದೆ ಅಂದಿದ್ದಕ್ಕೇ ಲಾಗ್ ಶಿಪ್ಪಿಂಗ್ ಸಾಕಾಯಿತು: ಡೇಟಾಬೇಸಿನ ಬದಲಾವಣೆಗಳ ದಾಖಲೆಯನ್ನು (ಲಾಗ್) ಆಗಾಗ ಇನ್ನೊಂದು ಯಂತ್ರಕ್ಕೆ ಕಳಿಸಿ ಅಲ್ಲಿನ ಪ್ರತಿಗೆ ಸೇರಿಸುವುದು. ಆ ಪ್ರತಿಯೇ ಸ್ಟ್ಯಾಂಡ್‌ಬೈ.

ಲೈಸೆನ್ಸ್ ಲೆಕ್ಕ ಮೊದಲು ಮುಗಿಸಿ. ದಾವಣಗೆರೆಯ ಲೈಸೆನ್ಸಿಗೆ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸಿನ ಮೇಲೆ ಬೇರೆ ಹಣ ಕಟ್ಟಿ ಪಡೆಯುವ ಮೈಕ್ರೋಸಾಫ್ಟ್ ಒಪ್ಪಂದ) ಚಾಲ್ತಿಯಲ್ಲಿದ್ದರೆ ಮಾತ್ರ ದುರ್ಗದ ಎಸ್‌ಕ್ಯೂಎಲ್‌ಗೆ ಬೇರೆ ದುಡ್ಡಿಲ್ಲ; ಅದು ತಪ್ಪಿದರೆ ಪೂರ್ತಿ ಲೈಸೆನ್ಸ್ ಕೊಳ್ಳಬೇಕು. ಈ ಸವಲತ್ತು ಸುಮ್ಮನೆ ಕೂತ ಪ್ರತಿಗೆ ಮಾತ್ರ. ಬ್ಯಾಕಪ್, ಡಿಬಿಸಿಸಿ ತಪಾಸಣೆ (ಡೇಟಾ ಕೆಟ್ಟಿದೆಯೇ ಎಂದು ನೋಡುವುದು), ನಿಗಾ ಇಡುವುದು ನಡೆಯುತ್ತದೆ. ‘ಹೇಗೂ ಇದೆಯಲ್ಲ, ದಾಸ್ತಾನು ವರದಿ ಅಲ್ಲಿಂದಲೇ ತೆಗೆಯೋಣ’ ಎಂದರೆ ಆ ಕ್ಷಣದಿಂದ ಲೈಸೆನ್ಸ್ ಬೇಕು. ಅದಕ್ಕೇ ನಾವು ಓದಲು ಬಿಡುವ ಸ್ಟ್ಯಾಂಡ್‌ಬೈ ಮೋಡ್ ಬಿಟ್ಟು ಲಾಗ್ ಸೇರಿಸಿಕೊಳ್ಳುವುದಷ್ಟೇ, ಓದಲು ಬಿಡದ ನೋ-ರಿಕವರಿ ಮೋಡ್ ಇಟ್ಟೆವು, ಆಸೆಗೆ ಜಾಗವೇ ಉಳಿಯಲಿಲ್ಲ. ದುರ್ಗದ ಯಂತ್ರದ ಕೋರ್ ಸಂಖ್ಯೆಯೂ ದಾವಣಗೆರೆಯದಕ್ಕಿಂತ ಹೆಚ್ಚಿರಬಾರದು. ಪರೀಕ್ಷೆಗೆಂದು ಉಚಿತವಾಗಿ ಸಿಗುವ ಡೆವಲಪರ್ ಎಡಿಷನ್ ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನಿಜವಾದ ವ್ಯವಹಾರಕ್ಕೆ ಅದನ್ನು ಬಳಸುವ ಹಾಗಿಲ್ಲ. ಹಗಲೂರಾತ್ರಿ ಚಾಲೂ ಇರುವ ಸ್ಟ್ಯಾಂಡ್‌ಬೈಗೆ ವಿಂಡೋಸ್ ಸರ್ವರ್ ಲೈಸೆನ್ಸ್ ಬೇರೆಯೇ ಬೇಕು. ಕೊಟೇಶನ್‌ನಲ್ಲಿ ಇದೇ ಹೆಚ್ಚಾಗಿ ಬಿಟ್ಟುಹೋಗುವುದು.

ಮೊದಲ ಫುಲ್ ಬ್ಯಾಕಪ್ಪನ್ನು ಹಾರ್ಡ್‌ಡಿಸ್ಕಿನಲ್ಲಿ ಒಯ್ದು ದುರ್ಗದಲ್ಲಿ ರಿಸ್ಟೋರ್ ಮಾಡಿದೆವು. ಲಾಗ್ ಬ್ಯಾಕಪ್ ಮತ್ತು ಅದನ್ನು ದುರ್ಗಕ್ಕೆ ಒಯ್ಯುವ ಕಾಪಿ ಜಾಬ್‌ಗಳು ತಲಾ 15 ನಿಮಿಷಕ್ಕೊಮ್ಮೆ ಎಂದು ತಾವಾಗಿ ಸೆಟ್ ಆಗಿರುತ್ತವೆ. ಎರಡೂ ಸೇರಿದರೆ 30 ನಿಮಿಷ, ಫೈಲ್ ಸಾಗುವ ಹೊತ್ತು ಬೇರೆ. ಮಾಲೀಕರ ಗಡುವು ಮೀರಿತು. ಆದ್ದರಿಂದ ಎರಡನ್ನೂ 10 ನಿಮಿಷಕ್ಕೆ ಇಳಿಸಿದೆವು. ಬಂದ ಲಾಗನ್ನು ದುರ್ಗದ ಪ್ರತಿಗೆ ಸೇರಿಸುವ ರಿಸ್ಟೋರನ್ನು ಮಾತ್ರ ಬೇಕೆಂದೇ 60 ನಿಮಿಷ ಹಿಂದಿಟ್ಟೆವು. ಯಾರೋ ಖಾತೆಪಟ್ಟಿ ಅಳಿಸಿಬಿಟ್ಟರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ದುರ್ಗಕ್ಕೆ ಹೋಗುತ್ತದೆ. ತಡೆಯಲು ಒಂದು ಗಂಟೆ ಸಿಗಲಿ ಎಂದು. ಲಾಗ್ ಫೈಲ್ ದುರ್ಗ ತಲುಪಿಯೇ ಇರುವುದರಿಂದ ನಷ್ಟದ ಲೆಕ್ಕ ಬದಲಾಗದು. ಆದರೆ ರಿಸ್ಟೋರ್ ಎಚ್ಚರಿಕೆಯ ಮಿತಿ 45 ನಿಮಿಷವಿರುತ್ತದೆ, ಅದನ್ನು 120ಕ್ಕೆ ಏರಿಸದಿದ್ದರೆ ದಿನವಿಡೀ ಸುಳ್ಳು ಎಚ್ಚರಿಕೆ.

ಕೈಕೊಡುವುದು ಹೆಚ್ಚಾಗಿ ಲಾಗ್ ಸರಪಳಿ, ಅಂದರೆ ಕೊಂಡಿಗೆ ಕೊಂಡಿ ಸೇರಿ ಬರುವ ಲಾಗ್ ಬ್ಯಾಕಪ್‌ಗಳ ಸಾಲು. ಲಾಗ್ ಫೈಲ್ ದಪ್ಪವಾಯಿತೆಂದು ಯಾರಾದರೂ ರಿಕವರಿ ಮಾಡೆಲನ್ನು (ಲಾಗ್ ಎಷ್ಟು ಉಳಿಸಬೇಕೆಂಬ ಸೆಟ್ಟಿಂಗ್) ಸಿಂಪಲ್‌ಗೆ ಬದಲಿಸಿದರೆ ಸರಪಳಿ ಅಲ್ಲೇ ತುಂಡು. ಇನ್ನೊಂದು ಬ್ಯಾಕಪ್ ತಂತ್ರಾಂಶ ತಾನೂ ಲಾಗ್ ಬ್ಯಾಕಪ್ ತೆಗೆದುಕೊಂಡರೂ ಹಾಗೇ: ಆ ಕೊಂಡಿ ದುರ್ಗಕ್ಕೆ ಬರುವುದಿಲ್ಲ, ನಡುವಿನ ಲಾಗ್ ಇಲ್ಲವೆಂದು 4305 ಎರರ್ ಬರುತ್ತದೆ. ಫುಲ್ ಬ್ಯಾಕಪ್ಪಿನಿಂದ ತೊಂದರೆಯಿಲ್ಲ. ಲಾಗ್ ಮಾತ್ರ ಒಂದೇ ಕೈಯಲ್ಲಿರಬೇಕು. ರಾತ್ರಿ ಎಲ್ಲ ಇಂಡೆಕ್ಸ್ (ಡೇಟಾ ಬೇಗ ಹುಡುಕಲು ಇರುವ ಸೂಚಿ) ರೀಬಿಲ್ಡ್ ಮಾಡಿದರೆ ಲಾಗ್ 9 ಜಿಬಿ ಆಗುತ್ತದೆ, 10 ಎಂಬಿಪಿಎಸ್ ಲೈನಿನಲ್ಲಿ ಅದಕ್ಕೆ 2 ಗಂಟೆ ಬೇಕು. ವಾರಕ್ಕೆ ಹಂಚಿ, ಬೇಕಾದ ಇಂಡೆಕ್ಸ್‌ಗಳಿಗೆ ಮಾತ್ರ ಮಾಡಿ. ಲಾಗ್ ಫೈಲ್‌ಗಳು 72 ಗಂಟೆಗೆ ಅಳಿಸಿಹೋಗುತ್ತವೆ. ಹೆದ್ದಾರಿ ಕೆಲಸದಲ್ಲಿ ಫೈಬರ್ ತುಂಡಾಗಿ ಮೇಲೆ ಹಬ್ಬದ ರಜೆ ಬಂದರೆ ಅಷ್ಟು ಸಾಲದು. ನಾವು 7 ದಿನಕ್ಕೆ ಏರಿಸಿದೆವು.

ಲಾಗಿನ್‌ಗಳೂ ಏಜೆಂಟ್ ಜಾಬ್‌ಗಳೂ (ಹೊತ್ತಿಗೆ ಸರಿಯಾಗಿ ತಾವಾಗಿ ನಡೆಯುವ ಕೆಲಸಗಳು) ಲಾಗ್ ಜೊತೆ ಬರುವುದಿಲ್ಲ. ಲಾಗಿನ್‌ಗಳನ್ನು ಅದೇ ಎಸ್‌ಐಡಿ (ಲಾಗಿನ್ನಿನ ಒಳಗುರುತು) ಸಮೇತ ಮೊದಲೇ ದುರ್ಗದಲ್ಲಿ ಸೃಷ್ಟಿಸಿಡದಿದ್ದರೆ ಡೇಟಾ ಸರಿಯಿದ್ದೂ ಬಿಲ್ಲಿಂಗ್ ಒಳಗೆ ಹೋಗಲಾಗದು.

ಡೇಟಾಬೇಸ್ ಬಲ್ಲವರೂ ಮರೆಯುವುದು ಬಿಲ್ ನಂಬರು. ದಾವಣಗೆರೆಯ ಸರ್ವರ್ ಹೋದಾಗ ಕೊನೆಯ 20 ನಿಮಿಷದಲ್ಲಿ ಹೊಡೆದ ಬಿಲ್‌ಗಳು ದುರ್ಗದ ಡೇಟಾಬೇಸಿನಲ್ಲಿ ಇಲ್ಲ, ಆದರೆ ಇ-ಇನ್‌ವಾಯ್ಸ್ ಪೋರ್ಟಲ್ಲಿನಲ್ಲಿ ಇವೆ. ದುರ್ಗದಲ್ಲಿ ಬಿಲ್ಲಿಂಗ್ ತೆರೆದರೆ ಅದೇ ನಂಬರು ಮತ್ತೆ ಹುಟ್ಟುತ್ತದೆ. ಐಆರ್‌ಎನ್ (ಪ್ರತಿ ಇ-ಇನ್‌ವಾಯ್ಸಿನ ಗುರುತು ಸಂಖ್ಯೆ) ತಯಾರಾಗುವುದು ಜಿಎಸ್‌ಟಿಐಎನ್, ದಾಖಲೆಯ ಬಗೆ, ನಂಬರು, ಆರ್ಥಿಕ ವರ್ಷ ಇಷ್ಟರಿಂದಲೇ, ಆದ್ದರಿಂದ ಪೋರ್ಟಲ್ 2150 ಎರರ್ (ಈ ಐಆರ್‌ಎನ್ ಆಗಲೇ ಇದೆ) ಎಂದು ತಿರಸ್ಕರಿಸುತ್ತದೆ. ಲಾರಿ ಲೋಡಾಗಿ ನಿಂತಿರುತ್ತದೆ, ಬಿಲ್ ಇಲ್ಲ. ದುರ್ಗಕ್ಕೆ ಬೇರೆ ಸೀರೀಸ್ ಇಡುವುದೇ ದಾರಿ. 16 ಅಕ್ಷರದೊಳಗೆ ಇದ್ದರೆ ಒಂದಕ್ಕಿಂತ ಹೆಚ್ಚು ಸೀರೀಸಿಗೆ ನಿಯಮದಲ್ಲೇ ಅವಕಾಶವಿದೆ. ಕಳೆದುಹೋದ ಬಿಲ್‌ಗಳನ್ನು ಗೋದಾಮಿನ ಗೇಟ್ ಪ್ರತಿ ನೋಡಿ ಹಳೆಯ ನಂಬರಿನಲ್ಲೇ ಮತ್ತೆ ನಮೂದಿಸಬೇಕು.

ಕೆಲಸವನ್ನು ದುರ್ಗಕ್ಕೆ ಬದಲಿಸಿ ನೋಡುವ ತಾಲೀಮಿಗೆ ಲೈಸೆನ್ಸಿನಲ್ಲಿ 90 ದಿನಕ್ಕೊಮ್ಮೆ ಅವಕಾಶವಿದೆ, ಅದನ್ನು ಪೂರ್ತಿ ಬಳಸುತ್ತೇವೆ. ಮುಂಗಾರು ಬಿತ್ತನೆಯ ಜೂನ್, ಜುಲೈ ಬಿಟ್ಟು ಭಾನುವಾರ ದಾವಣಗೆರೆಯಲ್ಲಿ ಕೊನೆಯ ಲಾಗ್ ಬ್ಯಾಕಪ್ಪನ್ನು ನೋ-ರಿಕವರಿ ಹಾಕಿ ತೆಗೆಯುತ್ತೇವೆ, ಅದನ್ನು ದುರ್ಗದಲ್ಲಿ ಹಾಕಿದ ಮೇಲಷ್ಟೇ ವಿತ್ ರಿಕವರಿ, ಅಂದರೆ ದುರ್ಗದ ಪ್ರತಿಯನ್ನು ಬಳಕೆಗೆ ತೆರೆಯುವುದು. ಹೀಗಾದರೆ ವಾಪಸ್ ಬರುವಾಗ 18 ಜಿಬಿ ಮತ್ತೆ ಹೊರಬೇಕಿಲ್ಲ, ಲಾಗ್ ಅಷ್ಟೇ ತಿರುಗಿ ಕಳಿಸಿದರಾಯಿತು. ಎರಡೂ ಕಡೆ ಒಂದೇ ಆವೃತ್ತಿ ಇರಬೇಕು: ದುರ್ಗದಲ್ಲಿ 2022 ಹಾಕಿಬಿಟ್ಟರೆ ಹೋಗುವುದುಂಟು, 2019ಕ್ಕೆ ಮರಳುವುದಿಲ್ಲ.