ಕೆಳದವಡೆಯಲ್ಲಿ ಇಂಪ್ಲಾಂಟ್ ಕೂರಿಸುವಾಗ ನಾನು ಅನುಸರಿಸುವ ಕ್ರಮ

ಕೆಳಗಿನ ಮೊದಲ ದವಡೆ ಹಲ್ಲು ಕಿತ್ತ ಜಾಗದಲ್ಲಿ ಒಂದು ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲಿಗೆ ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ) ಕೂರಿಸಬೇಕಾದರೆ, ಡ್ರಿಲ್ ಹಿಡಿಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರಬೇಕು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಇಲ್ಲದೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್-ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅದೂ ಹಿಗ್ಗಿದ ಅಳತೆಯಲ್ಲಿ. ಅಗಲ ಕಾಣುವುದೇ ಇಲ್ಲ.

ಮೂಳೆಯ ನೆತ್ತಿಯಿಂದ, ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಹಾಯುವ ಕಾಲುವೆಗೆ 13 ಮಿ.ಮೀ. ಇದೆ ಎಂದುಕೊಳ್ಳಿ. ನರದಿಂದ 2 ಮಿ.ಮೀ. ದೂರ ಬಿಡಲೇಬೇಕು. ಡ್ರಿಲ್‌ನ ಚೂಪು ತುದಿ ಅದರ ಮೇಲಿನ ಗುರುತಿಗಿಂತ ಸುಮಾರು 1 ಮಿ.ಮೀ.ವರೆಗೂ ಹೆಚ್ಚು ಆಳಕ್ಕೆ ಹೋಗಬಹುದು. ಹಾಗಾಗಿ ಉಳಿಯುವುದು 10 ಮಿ.ಮೀ. ಇಂಪ್ಲಾಂಟ್ ಮಾತ್ರ. ಅಡ್ಡಳತೆ 4.1 ಮಿ.ಮೀ. ಆದರೆ ಎರಡೂ ಬದಿಗೆ ಒಂದೂವರೆ ಮಿ.ಮೀ. ಮೂಳೆ ಸೇರಿ ಸುಮಾರು 7 ಮಿ.ಮೀ. ಅಗಲ ಬೇಕು. ನಾಲಿಗೆಯ ಕಡೆಗೆ ಮೂಳೆ ಒಳಕ್ಕೆ ಗುಳಿಬಿದ್ದಿರುವುದನ್ನೂ ನೋಡುತ್ತೇನೆ. ಅಲ್ಲಿ ಡ್ರಿಲ್ ತೂರಿ ರಕ್ತನಾಳ ಕತ್ತರಿಸಿದರೆ ನಾಲಿಗೆಯ ಅಡಿ ಊದಿಕೊಂಡು ಉಸಿರೇ ಕಟ್ಟಬಹುದು.

ಸಕ್ಕರೆ ಕಾಯಿಲೆ, ಸಿಗರೇಟು ಎಲ್ಲರೂ ಕೇಳುವ ಪ್ರಶ್ನೆಗಳೇ. ಆದರೆ ಮೂಳೆ ಸವೆತಕ್ಕೆ ಕೊಡುವ ಜೋಲೆಡ್ರೊನಿಕ್ ಆಸಿಡ್ ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಏರಿಸುವ ಔಷಧಿ. ಮಾತ್ರೆಗಳ ಪಟ್ಟಿಯಲ್ಲಿ ಅದು ಇರುವುದಿಲ್ಲ. "ಅಮ್ಮಾ, ಮೂಳೆಗೆ ಅಂತ ಡ್ರಿಪ್ ಹಾಕಿಸಿಕೊಂಡಿದ್ದೀರಾ?" ಎಂದು ಬಿಡಿಸಿಯೇ ಕೇಳಬೇಕು. ಆ ಔಷಧಿ ಪಡೆದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ದವಡೆ ಮೂಳೆ ಸತ್ತು ಒಸಡಿನಿಂದ ಹೊರಗೆ ಕಾಣಿಸಿಕೊಳ್ಳುವ ಅಪಾಯವಿದೆ.

ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದಾಗಿನಿಂದಲೂ ಷರತ್ತು ಬದಲಾಗಿಲ್ಲ: ಸುತ್ತಲ ಮೂಳೆ ಜೀವಂತವಾಗಿರಬೇಕು, ಸ್ಕ್ರೂ ಅಲುಗಾಡಬಾರದು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗುಲಿದರೆ ಮೂಳೆಗೆ ಪೆಟ್ಟು. ಕೆಳದವಡೆಯ ಮೂಳೆ ಗಟ್ಟಿಯಾದ್ದರಿಂದ ಬೇಗ ಕಾಯುತ್ತದೆ. ಅದಕ್ಕೇ ನಿಮಿಷಕ್ಕೆ 800 ಸುತ್ತಿನಲ್ಲಿ ಪೈಲಟ್ ಡ್ರಿಲ್ (ದಾರಿ ಮಾಡುವ ಮೊದಲ ಸಣ್ಣ ಡ್ರಿಲ್) ಶುರುಮಾಡಿ, ಅಗಲದ ಡ್ರಿಲ್‌ಗೆ ಹೋದಂತೆ 500ಕ್ಕೆ ಇಳಿಸುತ್ತೇನೆ. ತಣ್ಣನೆಯ ಸಲೈನ್ (ಉಪ್ಪುನೀರು) ಹರಿಯುವುದು ನಿಲ್ಲಬಾರದು. ಡ್ರಿಲ್ಲನ್ನು ಒತ್ತಬಾರದು, ಒಳಗೆ ಬಿಟ್ಟು, ಹೊರಗೆ ತೆಗೆದು, ಪುಡಿ ತೊಳೆದುಹೋಗಲು ಬಿಡಬೇಕು. ಒತ್ತಬೇಕು ಅನ್ನಿಸಿತೆಂದರೆ ಡ್ರಿಲ್ ಮೊಂಡಾಗಿದೆ, ಬದಲಾಯಿಸಿ. ಬಿಸಿ ತಾಗಿದ ಇಂಪ್ಲಾಂಟ್ ಅಂದು ಬಿಗಿಯಾಗೇ ಕೂತಿರುತ್ತದೆ. ಕೆಲವೇ ವಾರಗಳಲ್ಲಿ ಸತ್ತ ಮೂಳೆ ಕರಗಿ ಸಡಿಲವಾಗುತ್ತದೆ.

ಪೈಲಟ್ ರಂಧ್ರವಾದ ಮೇಲೆ ಅದರಲ್ಲಿ ಪಿನ್ ಇಟ್ಟು ಎಕ್ಸ್-ರೇ ತೆಗೆಯುತ್ತೇನೆ. ಪಕ್ಕದ ಹಲ್ಲಿನ ಬೇರಿಗೆ ಒಂದೂವರೆ ಮಿ.ಮೀ. ಅಂತರ ಉಳಿದಿದೆಯೇ ಎಂದು ನೋಡಿ ದಿಕ್ಕು ತಿದ್ದಲು ಇದೇ ತಕ್ಕ ಸಮಯ. ಆಮೇಲೆ 2.8, ಕೊನೆಗೆ 3.5 ಮಿ.ಮೀ. ಡ್ರಿಲ್. ಇಂಪ್ಲಾಂಟ್ ಸುಮಾರು 35 ನ್ಯೂಟನ್ ಸೆಂಟಿಮೀಟರ್ ಬಿಗಿಗೆ ಕೂರಬೇಕು. ಪೂರ್ತಿ ಇಳಿಯುವ ಮೊದಲೇ ರ್‍ಯಾಚೆಟ್ (ಬಿಗಿಮಾಡುವ ಕೈಸಾಧನ) ನಿಂತರೆ ಬಲ ಹಾಕದೆ ಹಿಂದಕ್ಕೆ ತಿರುಗಿಸಿ ತೆಗೆದು, ರಂಧ್ರದ ಬಾಯಿಭಾಗ ಅಗಲಿಸಿ ಮತ್ತೆ ಹಾಕಬೇಕು. ಬಿಗಿ ಚೆನ್ನಾಗಿದ್ದರೆ ಒಸಡಿನಿಂದ ಹೊರಗೆ ಕಾಣುವ ಹೀಲಿಂಗ್ ಕ್ಯಾಪ್; ಕಡಿಮೆಯಿದ್ದರೆ ಒಸಡಿನಡಿಯೇ ಉಳಿಯುವ ಕವರ್ ಸ್ಕ್ರೂ ಹಾಕಿ ಒಸಡು ಹೊಲಿಯುವುದೇ ಕ್ಷೇಮ.

ಅಂದು ಸಂಜೆ ರೋಗಿಗೆ ಒಂದು ಫೋನ್ ಮಾಡಲೇಬೇಕು. ಅರಿವಳಿಕೆ ಇಳಿಯುವ ಹೊತ್ತು ಮೀರಿದರೂ ಕೆಳತುಟಿ, ಗದ್ದ ಜೋಮುಹಿಡಿದಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಕೂಡಲೇ ಸ್ಕ್ಯಾನ್ ಮಾಡಿ, ಇಂಪ್ಲಾಂಟ್ ಕಾಲುವೆಗೆ ತಾಗಿದ್ದರೆ ತೆಗೆಯಬೇಕು. ತಡವಾದಷ್ಟೂ ನರ ಚೇತರಿಸಿಕೊಳ್ಳುವ ಆಸೆ ಕಡಿಮೆ.

ಮೂಳೆ ಇಂಪ್ಲಾಂಟಿಗೆ ಬೆಸೆಯಲು ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು ಕಾಯುತ್ತೇನೆ. ಆಮೇಲೆ ಕೂರಿಸುವ ಕ್ರೌನ್ (ಕೃತಕ ಹಲ್ಲು) ಸ್ಕ್ರೂವಿನಿಂದ ಕೂರುವಂಥದ್ದೇ ನನಗಿಷ್ಟ. ಅಂಟಿಸುವ ಕ್ರೌನ್ ಆದರೆ, ಸಿಮೆಂಟಿನ ಚೂರು ಒಸಡಿನಡಿ ಉಳಿದು ಕೀವಾಗಿ ಮೂಳೆ ತಿನ್ನಬಹುದು. ಅಬಟ್‌ಮೆಂಟ್ (ಇಂಪ್ಲಾಂಟಿಗೂ ಕ್ರೌನಿಗೂ ನಡುವಿನ ಕೊಂಡಿ) ಸ್ಕ್ರೂವನ್ನು ಕಂಪನಿ ಹೇಳಿದ ಬಿಗಿಗೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅದೇ ಬಿಗಿಗೆ ತಿರುಗಿಸಿದ ಮೇಲೆಯೇ ಕ್ರೌನಿನಲ್ಲಿರುವ ಸ್ಕ್ರೂವಿನ ರಂಧ್ರ ಮುಚ್ಚುವುದು.