ನೇಪಲ್ಸ್ ಬಂದರಿನಲ್ಲಿ ಹಡಗು ನಿಂತ ಒಂದು ದಿನ

ಮೆಡಿಟರೇನಿಯನ್ ಕ್ರೂಸ್‌ಗೆ ಹೊರಡುವವರು ಇಟಲಿಯ ಬಂದರುಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ತಿಳಿದಿರಬೇಕು. ಪ್ರವಾಸದ ಪಟ್ಟಿಯಲ್ಲಿ ರೋಮ್ ಎಂದಿದ್ದರೆ ಹಡಗು ನಿಲ್ಲುವುದು ಸುಮಾರು 70 ಕಿ.ಮೀ. ದೂರದ ಚಿವಿತಾವೆಕ್ಕಿಯದಲ್ಲಿ; ಫ್ಲಾರೆನ್ಸ್ ಎಂದಿದ್ದರೆ ಸುಮಾರು 90 ಕಿ.ಮೀ. ಆಚೆಯ ಲಿವೋರ್ನೊದಲ್ಲಿ. ಆ ದಿನಗಳಲ್ಲಿ ಹಗಲಿನ ಒಳ್ಳೆಯ ಪಾಲು ಹೋಗಿ ಬರುವುದಕ್ಕೇ ಮುಗಿದುಹೋಗುತ್ತದೆ. ನೇಪಲ್ಸ್‌ನಲ್ಲಿ ಮಾತ್ರ ಹಡಗು ಊರೊಳಗೇ ಬಂದು ಕಟ್ಟೆಗೆ ತಾಗುತ್ತದೆ. ಟರ್ಮಿನಲ್ಲಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕಾಸ್ತೆಲ್ ನುವೊವೊ ಕೋಟೆ, ಅದರ ಪಕ್ಕದಲ್ಲಿ ಪಿಯಾತ್ಸಾ ಮುನಿಚಿಪಿಯೊ ಎಂಬ ಚೌಕ, ಆ ಚೌಕದ ಅಡಿಯಲ್ಲೇ ಮೆಟ್ರೋ ನಿಲ್ದಾಣ. ಈ ಒಂದು ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ.

ನಮ್ಮ ಜೊತೆಯ ಪ್ರಯಾಣಿಕರಲ್ಲಿ ಹೆಚ್ಚಿನವರು ಪಾಂಪೇ, ಸೊರೆಂಟೊ, ಅಮಾಲ್ಫಿ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ಸುಗಳನ್ನು ಹತ್ತಿದರು. ನನ್ನೊಡನೆ ಎಪ್ಪತ್ತು ದಾಟಿದ ಅಮ್ಮ ಇದ್ದರು. ಅವರ ನಡಿಗೆ ನಿಧಾನವೇ ಹೊರತು ನೋಡುವ ಆಸೆಗೆ ಕೊರತೆಯಿಲ್ಲ. ಆದ್ದರಿಂದ ನಾನು ಒಂದೇ ಊರನ್ನು, ಅದನ್ನೂ ಹರ್ಕ್ಯುಲೇನಿಯಂ ಎಂಬ ಚಿಕ್ಕದನ್ನು, ಆರಿಸಿಕೊಂಡೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿದಾಗ ಹೂತುಹೋದ ರೋಮನ್ ನಗರ ಪಾಂಪೇಯ ವಿಸ್ತಾರ ಸುಮಾರು 66 ಹೆಕ್ಟೇರ್. ನೆರಳು ಕಡಿಮೆ, ದೊಡ್ಡ ಕಲ್ಲುಹಾಸಿನ ಬೀದಿಗಳಲ್ಲಿ ಬಹುದೂರ ನಡೆಯಬೇಕು. ಅದೇ ಸ್ಫೋಟದಲ್ಲಿ ಹೂತುಹೋದ ಹರ್ಕ್ಯುಲೇನಿಯಂನಲ್ಲಿ ಇಂದು ನೋಡಲು ಸಿಗುವ ಭಾಗ ಅದರ ಹತ್ತರಲ್ಲೊಂದು ಪಾಲಿನಷ್ಟೂ ಇಲ್ಲ, ಆದರೆ ಉಳಿದಿರುವುದು ಹೆಚ್ಚು ಪೂರ್ಣವಾಗಿ ಉಳಿದಿದೆ. ಪಾಂಪೇಯ ಮೇಲೆ ಹಗುರವಾದ ಕಲ್ಲು ಮತ್ತು ಬೂದಿ ಸುರಿದು ಮನೆಗಳ ಮಾಡುಗಳು ಕುಸಿದವು. ಹರ್ಕ್ಯುಲೇನಿಯಂ ಮೇಲೆ ಕುದಿಯುವ ಅನಿಲ ಮತ್ತು ಬೂದಿಯ ಪ್ರವಾಹ ಅಲೆಅಲೆಯಾಗಿ ಹರಿದು, ಸುಮಾರು 20 ಮೀಟರ್ ದಪ್ಪಕ್ಕೆ ತುಂಬಿ ಗಟ್ಟಿಯಾಯಿತು. ಆ ಬಿಸಿಗೆ ಮರ ಉರಿದು ಬೂದಿಯಾಗದೆ ಇದ್ದಿಲಾಯಿತು. ಹಾಗಾಗಿ ಎರಡಂತಸ್ತಿನ ಮನೆಗಳೂ ಬಾಗಿಲು, ತೊಲೆ, ಮಂಚಗಳೂ ಇಂದಿಗೂ ಕಾಣಸಿಗುತ್ತವೆ.

ದಿನದ ಲೆಕ್ಕವನ್ನು ನಾನು ಸಂಜೆಯಿಂದ ಹಿಂದಕ್ಕೆ ಹಾಕಿದೆ. ಹಡಗು ಹೊರಡುವ ಸಮಯವೇ ಬೇರೆ, ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯವೇ ಬೇರೆ. ಎರಡನೆಯದು ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಮೊದಲೇ ಇರುತ್ತದೆ, ಮತ್ತು ಅದನ್ನು ಹಡಗಿನ ಗಡಿಯಾರದಂತೆ ಎಣಿಸಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಈ ಕಾರಣಕ್ಕೆ ಹತ್ತಬೇಕಾದ ಗಳಿಗೆಗಿಂತ ಎರಡು ಗಂಟೆ ಮೊದಲೇ ಬಂದರಿನಿಂದ ನಡೆದು ತಲುಪಬಹುದಾದ ದೂರದಲ್ಲಿ ಇರಬೇಕೆಂಬುದು ನಮ್ಮ ನಿಯಮವಾಗಿತ್ತು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಬೇಕೇ ಬೇಕು. ಹಡಗು ನಡುವೆ ಟುನೀಷಿಯಾದಂತಹ ಹೊರಗಿನ ದೇಶಕ್ಕೆ ಹೋಗಿ ಬರುವುದಾದರೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶವಿರುವ ವೀಸಾವನ್ನೇ ಮಾಡಿಸಿಕೊಳ್ಳಬೇಕು.

ಬೆಳಿಗ್ಗೆ ಹಡಗಿನ ಬಾಗಿಲು ತೆರೆದೊಡನೆ ಇಳಿದೆವು. ಮುನಿಚಿಪಿಯೊದಿಂದ ಮೆಟ್ರೋ ಒಂದನೆಯ ಮಾರ್ಗದಲ್ಲಿ ಗರಿಬಾಲ್ಡಿ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಸೊರೆಂಟೊ ಕಡೆಗೆ ಹೊರಡುವ ಚಿರ್ಕುಮ್‌ವೆಸುವಿಯಾನ ರೈಲನ್ನು ಹಿಡಿದು, ಸುಮಾರು 20 ನಿಮಿಷದಲ್ಲಿ ಹರ್ಕ್ಯುಲೇನಿಯಂಗೆ ಹೋಗುವವರು ಇಳಿಯಬೇಕಾದ ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ಇಳಿದೆವು. ಇದು ಹಳೆಯ, ಗದ್ದಲದ, ಕೂರಲು ಜಾಗ ಸಿಗದಿರಬಹುದಾದ ಸ್ಥಳೀಯ ರೈಲು. ಪರ್ಸು ಮತ್ತು ಮೊಬೈಲ್‌ಗಳನ್ನು ಮುಂಭಾಗದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ನಿಲ್ದಾಣದಿಂದ ಸಮುದ್ರದ ಕಡೆಗೆ ನೇರವಾಗಿ ಇಳಿಯುವ ಬೀದಿಯ ಕೊನೆಗೇ ಪ್ರವೇಶದ್ವಾರವಿದೆ. ಹೋಗುವಾಗ ಇಳಿಜಾರಾದ್ದರಿಂದ ಬರುವಾಗ ಏರಬೇಕೆಂಬುದನ್ನು ಹಿರಿಯರೊಡನೆ ಹೋಗುವವರು ನೆನಪಿಡಬೇಕು.

ಒಳಹೊಕ್ಕ ಮೇಲೆ ದಾರಿ ಆ ಊರಿನ ಮೇಲಂಚಿನಲ್ಲೇ ಸುತ್ತಿಕೊಂಡು ಸಾಗುತ್ತದೆ. ಕೆಳಗೆ ಆಳವಾದ ಹೊಂಡದಲ್ಲಿ ರೋಮನ್ ಊರು, ಅದರ ನೆತ್ತಿಯ ಮೇಲೆ ಬಟ್ಟೆ ಒಣಗಹಾಕಿದ ಇಂದಿನ ಎರ್ಕೊಲಾನೊದ ಮನೆಗಳು, ಅವುಗಳ ಹಿಂದೆ ವೆಸೂವಿಯಸ್. ಹಿಂದೆ ಕಡಲತೀರವಾಗಿದ್ದ ಜಾಗದಲ್ಲಿ ದೋಣಿಗಳನ್ನಿಡುತ್ತಿದ್ದ ಕಮಾನುಕೋಣೆಗಳಿವೆ. ಊರಿನಲ್ಲಿ ಜನ ಹೆಚ್ಚು ಸತ್ತಿರಲಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. 1980ರ ದಶಕದಿಂದ ಈ ಕೋಣೆಗಳಲ್ಲೂ ತೀರದಲ್ಲೂ ಸುಮಾರು 300 ಮಂದಿಯ ಅಸ್ಥಿಗಳು ಸಿಕ್ಕವು. ಅಮ್ಮ ಅಲ್ಲಿ ಬಹಳ ಹೊತ್ತು ಮಾತಾಡದೆ ನಿಂತರು.

ಮರದ ಅಡ್ಡತೆರೆಯ ಮನೆ ಎಂದು ಕರೆಯುವ ಮನೆಯಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದೆವು. ನಡುವಿನ ತೆರೆದ ಅಂಗಳಕ್ಕೂ ಯಜಮಾನ ಜನರನ್ನು ಕಾಣುತ್ತಿದ್ದ ಕೋಣೆಗೂ ನಡುವೆ ಇದ್ದ ಮರದ ತೆರೆ ಅದು. ಕರ್ರಗೆ ಇದ್ದಿಲಾಗಿದ್ದರೂ ಬಡಗಿ ಕೊರೆದ ಚೌಕಟ್ಟುಗಳು ಕಾಣುತ್ತವೆ, ದೀಪ ತೂಗುಹಾಕಲು ಬಡಿದಿದ್ದ ಕಂಚಿನ ಹಿಡಿಗಳೂ ಉಳಿದಿವೆ. ಸೂರು ತೆರೆದ ಅಂಗಳ, ಮಳೆನೀರು ಇಳಿದು ನಿಲ್ಲುವ ತೊಟ್ಟಿ, ಸುತ್ತಲೂ ಕೋಣೆಗಳು: ‘ಇದು ನಮ್ಮ ತೊಟ್ಟಿಮನೆಯೇ ಅಲ್ಲವೇನೋ’ ಎಂದು ಅಮ್ಮ ಕೇಳಿದರು. ಅಲ್ಲಿಂದ ಸ್ವಲ್ಪ ದೂರದ ನೆಪ್ಚೂನ್ ಮನೆಗೆ ಹೊಂದಿದ ಅಂಗಡಿಯಲ್ಲಿ ಮರದ ಅಟ್ಟಣಿಗೆಯ ಮೇಲೆ ಮಣ್ಣಿನ ಹೂಜಿಗಳು ಇಟ್ಟಂತೆಯೇ ಇವೆ. ಆ ಮನೆಯ ಗಾಜುಹರಳಿನ ಗೋಡೆಚಿತ್ರಕ್ಕಿಂತ ಈ ಅಂಗಡಿಯೇ ನನಗೆ ದೊಡ್ಡದೆನಿಸಿತು. ಅವಸರವಿಲ್ಲದೆ ನೋಡಲು ಎರಡೂವರೆ ಗಂಟೆ ಸಾಕಾಯಿತು.

ಮಧ್ಯಾಹ್ನ ಅದೇ ದಾರಿಯಲ್ಲಿ ಗರಿಬಾಲ್ಡಿಗೆ ಮರಳಿ, ಒಂದನೆಯ ಮಾರ್ಗದಲ್ಲೇ ಮುಂದುವರಿದು ಮುಜಿಯೊ ನಿಲ್ದಾಣದಲ್ಲಿ ಇಳಿದೆವು. ಅಗೆದು ತೆಗೆದ ಅಮೂಲ್ಯ ವಸ್ತುಗಳು ಸ್ಥಳದಲ್ಲಿಲ್ಲ, ಇಲ್ಲಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿವೆ. ಆದ್ದರಿಂದ ಬೆಳಿಗ್ಗೆ ಊರು, ಮಧ್ಯಾಹ್ನ ಸಂಗ್ರಹಾಲಯ ಎಂಬ ಕ್ರಮವೇ ಸರಿ. ಮಂಗಳವಾರ ಇದಕ್ಕೆ ರಜೆ. ನಾನು ಮುಖ್ಯವಾಗಿ ನೋಡಬಯಸಿದ್ದು 1938ರಲ್ಲಿ ಪಾಂಪೇಯಲ್ಲಿ ಸಿಕ್ಕ, ಭಾರತದಿಂದ ಹೋದ, ಗೇಣುದ್ದಕ್ಕಿಂತ ತುಸು ದೊಡ್ಡದಾದ ದಂತದ ಪ್ರತಿಮೆಯನ್ನು. ಪಾಂಪೇ ಲಕ್ಷ್ಮಿ ಎಂದು ಹೆಸರಾಗಿದ್ದರೂ ಅದು ಯಕ್ಷಿಯೇ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದನ್ನಿರಿಸಿರುವ ರಹಸ್ಯ ಕೋಣೆಯಲ್ಲಿ ರೋಮನ್ನರ ಶೃಂಗಾರ ಚಿತ್ರಗಳೂ ಇರುವುದರಿಂದ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಮೊದಲೇ ತಿಳಿದಿರುವುದು ಮೇಲು. ಇದೇ ಸ್ಫೋಟದಲ್ಲಿ ಜನರನ್ನು ರಕ್ಷಿಸಲು ನೌಕೆಗಳೊಡನೆ ಹೊರಟು ಪ್ರಾಣ ಕಳೆದುಕೊಂಡ ರೋಮನ್ ಲೇಖಕ ಹಿರಿಯ ಪ್ಲಿನಿ, ಭಾರತದೊಡನೆಯ ವ್ಯಾಪಾರದಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಎಂಬ ರೋಮನ್ ನಾಣ್ಯಗಳಿಗೆ ಕಡಿಮೆಯಿಲ್ಲದ ಹಣ ಹೊರಹೋಗುತ್ತಿದೆ ಎಂದು ಬರೆದಿದ್ದ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿರುವುದನ್ನು ಬಲ್ಲ ನಮ್ಮಂಥವರಿಗೆ ಆ ಚಿಕ್ಕ ಪ್ರತಿಮೆಯ ಮುಂದೆ ನಿಲ್ಲುವುದೇ ಒಂದು ಭಾಗ್ಯ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ನೇಪಲ್ಸ್‌ನಲ್ಲಿ ಚಿಂತೆಯಿಲ್ಲ. ಮಾರಿನಾರಾ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಇಷ್ಟೇ ಇರುತ್ತದೆ, ಚೀಸ್ ಕೂಡ ಇರುವುದಿಲ್ಲ. ಆದರೆ ಎಲ್ಲ ಅಂಗಡಿಗಳಲ್ಲೂ ಕಾಣುವ ಸ್ಫೋಲ್ಯಾತೆಲ್ಲ ಎಂಬ ಪದರ ಪದರದ ಸಿಹಿತಿಂಡಿಯ ಹಿಟ್ಟಿಗೆ ಸಂಪ್ರದಾಯದಂತೆ ಹಂದಿಯ ಕೊಬ್ಬನ್ನು ಹಾಕುತ್ತಾರೆ, ಕೇಳಿಕೊಂಡೇ ಕೊಳ್ಳಬೇಕು.

ಹಿಂದಿನ ಸಂಜೆಯೇ ರೈಲು ಮುಷ್ಕರವಿದೆಯೇ ಎಂದು ನೋಡಿಕೊಂಡಿದ್ದೆ. ಇಟಲಿಯಲ್ಲಿ ಮುಷ್ಕರಗಳು ಮೊದಲೇ ಪ್ರಕಟವಾಗುತ್ತವೆ. ಮುಷ್ಕರವಿದ್ದಿದ್ದರೆ ಹರ್ಕ್ಯುಲೇನಿಯಂ ಬಿಟ್ಟು, ಬಂದರಿನಿಂದ ಟ್ಯಾಕ್ಸಿಯಲ್ಲಿ ಸಂಗ್ರಹಾಲಯಕ್ಕೆ ಹೋಗಿ, ಹಳೆಯ ಊರನ್ನು ನೇರವಾಗಿ ಸೀಳಿಕೊಂಡು ಹೋಗುವ ಸ್ಪಕ್ಕನಾಪೊಲಿ ಬೀದಿಯಲ್ಲಿ ನಿಧಾನವಾಗಿ ನಡೆದು ಹಡಗಿಗೆ ಮರಳುವುದೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ.