ಕುರಿಮರಿ ಡ್ಯೂಕಟ್ ಕೊಳ್ಳುವ ಮುಂಚೆ ನಾನು ನೋಡುವುದು

ಹಳೆಯ ಯುರೋಪಿನ ನಗರಗಳು ತಾವೇ ಹೊರಡಿಸಿದ ಚಿನ್ನದ ನಾಣ್ಯಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನ ಕುರಿಮರಿ ಡ್ಯೂಕಟ್. ಭೂಗೋಳದ ಮೇಲೆ ನಿಂತ ಕುರಿಮರಿ, ಅದರ ಬಾವುಟದ ಮೇಲೆ ‘ಪಾಕ್ಸ್’, ಅಂದರೆ ಶಾಂತಿ. ಇನ್ನೊಂದು ಮುಖದಲ್ಲಿ ನಗರದ ಮೂರು ಲಾಂಛನ. ಪವಿತ್ರ ರೋಮನ್ ಚಕ್ರವರ್ತಿಯೊಬ್ಬನನ್ನು ಬಿಟ್ಟರೆ ಬೇರೆ ಯಾವ ದೊರೆಗೂ ಒಳಪಡದ ಊರು ಅದು. 1806ರಲ್ಲಿ ಬವೇರಿಯಾಕ್ಕೆ ಸೇರುವವರೆಗೂ ಹಾಗೇ ಇತ್ತು.

ಸುತ್ತ ಬರೆದ ಲ್ಯಾಟಿನ್ ಸಾಲನ್ನು ಭೂತಗನ್ನಡಿಯಲ್ಲಿ ಓದಿದ ದಿನ ನಾನು ಈ ನಾಣ್ಯಕ್ಕೆ ಸೋತೆ. ‘ಟೆಂಪೋರಾ ನೋಸ್ಟ್ರಾ ಪಾಟೆರ್ ಡೊನಾಟಾ ಪಾಕೆ ಕೊರೋನಾ’: ತಂದೆಯೇ, ಶಾಂತಿಯನ್ನಿತ್ತು ನಮ್ಮ ಕಾಲಕ್ಕೆ ಕಿರೀಟವಿಡು. ಇದರಲ್ಲಿ ರೋಮನ್ ಅಂಕಿಯೂ ಆಗಬಲ್ಲ ಅಕ್ಷರಗಳು ನಾಲ್ಕೇ: ಒಂದು ಎಂ, ಒಂದು ಡಿ, ಎರಡು ಸಿ. 1000, 500, 100, 100. ಕೂಡಿದರೆ 1700! ಅಕ್ಷರಕ್ಕೊಂದು ಅಂಕಿ ಕೊಡುವ ನಮ್ಮ ಕಟಪಯಾದಿಯಲ್ಲಿ ಇಸವಿ ಅಡಗಿಸಿಟ್ಟ ಹಾಗೆ, ಪ್ರಾರ್ಥನೆಯೊಳಗೇ ವರ್ಷವಿದೆ.

ಕೊಳ್ಳುವವರಿಗೆ ತೊಡಕಾಗುವುದೂ ಈ ವರ್ಷವೇ. ನಾಮಕರಣಕ್ಕೆ, ಹೊಸ ವರ್ಷಕ್ಕೆ ಉಡುಗೊರೆಯಾಗಿ ಜನ ಇದನ್ನು ಎಷ್ಟು ಮೆಚ್ಚಿದರೆಂದರೆ, ಟಂಕಸಾಲೆ 1700 ಎಂದೇ ಇಟ್ಟು ದಶಕಗಳ ಕಾಲ ಒತ್ತುತ್ತಾ ಹೋಯಿತು. ಹಾಗಾಗಿ ನಾನು ಮೊದಲು ಹುಡುಕುವುದು ಜಿ.ಎಫ್.ಎನ್. ಅಕ್ಷರಗಳನ್ನು. ಅವು ಟಂಕಸಾಲೆಯ ಮುಖ್ಯಸ್ಥ ಗೆಯೋರ್ಗ್ ಫ್ರೀಡ್ರಿಶ್ ನ್ಯೂರ್ನ್‌ಬರ್ಗರ್‌ನವು. ಆ ಅಕ್ಷರಗಳಿದ್ದರೆ ನಾಣ್ಯ ಅವನ ಕಾಲದ್ದೆಂದು ಲೆಕ್ಕ. ಇಲ್ಲದಿದ್ದರೆ ಬೆಲೆಯ ಮಾತನ್ನು ಬೇರೆಯಾಗಿಯೇ ಆಡಬೇಕು.

ಆಮೇಲೆ ಅಂಚು. ಮಕ್ಕಳ ಕೊರಳಿಗೆ ಹಾಕಲು ಎಷ್ಟೋ ನಾಣ್ಯಗಳಿಗೆ ಕೊಂಡಿ ಬೆಸೆದಿದ್ದರು. ಕೊಂಡಿ ಕಿತ್ತು ಅರ ಹಾಕಿ ನುಣುಪು ಮಾಡಿದರೂ ಬೆಸುಗೆಯ ಜಾಗದಲ್ಲಿ ಹೊಳಪು ಬೇರೆಯೇ ಇರುತ್ತದೆ, ಅಲ್ಲಿ ಅಕ್ಷರಗಳ ತಲೆ ತುಸು ಸವೆದಿರುತ್ತದೆ. ಹರಾಜಿನ ಪಟ್ಟಿಯ ಫೋಟೋಗಳಲ್ಲಿ ಇದು ಕಾಣುವುದಿಲ್ಲ. ಅಂಚಿನ ಚಿತ್ರ ಬೇಕೆಂದು ನಾನು ಯಾವಾಗಲೂ ಬರೆದು ಕೇಳುತ್ತೇನೆ. ಕೊಡಲೊಪ್ಪದವರ ನಾಣ್ಯಕ್ಕೆ ಕೂಗುವುದಿಲ್ಲ.

ಕೈಗೆ ಬಂದ ಮೇಲೆ ತೂಕ. ಡ್ಯೂಕಟ್ ಸುಮಾರು 3.49 ಗ್ರಾಂ ಇರಬೇಕು, ಚಿನ್ನ ಸಾವಿರಕ್ಕೆ 986 ಪಾಲು. ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರುತ್ತೇನೆ. ನಾಣ್ಯವನ್ನು ತೆಳು ದಾರದಲ್ಲಿ, ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ ಹಿಡಿಯುತ್ತೇನೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ, ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ತಕ್ಕಡಿ 0.18 ಗ್ರಾಂ ಆಸುಪಾಸು ತೋರಿಸಿದರೆ ಸಾಂದ್ರತೆ 19ರ ಹತ್ತಿರ, ಚಿನ್ನ ಸರಿ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಮೆಲ್ಲಗೆ ಅಲುಗಿಸಿ ಬಿಡಿಸಬೇಕು.

ಇದೇ ನಾಣ್ಯ ಚೌಕಾಕಾರದಲ್ಲೂ ಇದೆ, ಅರ್ಧ, ಕಾಲು ಹೀಗೆ 1/32 ಡ್ಯೂಕಟ್‌ವರೆಗೂ ಇದೆ. ಆ ಕೊನೆಯದು ಬರೀ 0.11 ಗ್ರಾಂ, ಅಷ್ಟು ಪುಟ್ಟ ಚಿನ್ನದ ಮೇಲೂ ಕುರಿಮರಿಯನ್ನು ಕೊರೆದವನ ಕೈ ಎಂಥದ್ದಿರಬೇಕು! ಅವು ಉಗುರು ತಾಗಿದರೂ ಬಾಗುತ್ತವೆ. ಹಾಗಾಗಿ ಚಿಕ್ಕವು ಬೇಕೆನ್ನುವವರಿಗೆ ನನ್ನ ಸಲಹೆ: ಮಡಿಚಿ ಮತ್ತೆ ನೆಟ್ಟಗೆ ಮಾಡಿದ ಗೆರೆ ಇದೆಯೇ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.